ಶಿಲುಬೆಯ ಮುಂದಿನ ಕುರ್ಚಿ

ಓದುಗ ಬಂಧುಗಳಿಗೆ ನಮಸ್ಕಾರ. ಮೀಸೆ ನರೆಯುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಮುಗಿಸಿದವನು ನಾನು. ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಟೈಪು ಮಾಡುತ್ತಿದ್ದೇನೆ. ಅಲ್ಲಲ್ಲಿ ಒತ್ತು, ದೀರ್ಘ ಜಾರಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಪ್ಲಾಸ್ಟಿಕ್ ಕುರ್ಚಿಯ ಮಹಿಮೆಯನ್ನು ನೀವು ಎಂದಾದರೂ ಗಮನಿಸಿದ್ದೀರೋ ಇಲ್ಲವೋ. ಅಂಗಳದಲ್ಲಿದ್ದಾಗ ಅದರ ಮೇಲೆ ಒದ್ದೆ ಬಟ್ಟೆ ಒಣಗುತ್ತದೆ, ಬೆಕ್ಕು ಮಲಗುತ್ತದೆ. ಅದನ್ನೇ ಒಯ್ದು ವೇದಿಕೆಯ ಮೇಲೆ ಜನರ ಕಡೆ ಮುಖ ಮಾಡಿ ಇಟ್ಟರೆ ಸಾಕು, ಸಿಂಹಾಸನವಾಗಿಬಿಡುತ್ತದೆ. ನಮ್ಮ ವಿಜಯಪುರ ಸೀಮೆಯಲ್ಲಂತೂ ಶಾಲೆಯ ಗ್ಯಾದರಿಂಗ್ ಇರಲಿ, ಸಂಘದ ಸಭೆಯಿರಲಿ, ಗಣ್ಯರು ಸಾಲಾಗಿ ಕೂತು ಶಾಲು ಹೊದಿಸಿಕೊಳ್ಳದೆ ಕಾರ್ಯಕ್ರಮ ಮುಗಿದದ್ದನ್ನು ನಾನು ಕಂಡಿಲ್ಲ.

ತಿಕೋಟಾದ ನಮ್ಮ ಪ್ರಾರ್ಥನಾಲಯ ದ್ರಾಕ್ಷಿ ತೋಟದ ಅಂಚಿನ ಒಂದೇ ಕೋಣೆ. ಚಪ್ಪಲಿ ಹೊರಗೆ ಬಿಟ್ಟು ಎಲ್ಲರೂ ಜಮಖಾನೆಯ ಮೇಲೆ ಕೂಡುವುದು ವಾಡಿಕೆ. ಎದುರಿನ ಕಟ್ಟೆಯ ಮೇಲೊಂದು ಮೇಜು, ಅದರ ಮೇಲೆ ಮೊಳದುದ್ದದ ಬೇವಿನ ಕಟ್ಟಿಗೆಯ ಶಿಲುಬೆ, ಅಲಂಕಾರವೆಂದರೆ ಅಷ್ಟೇ. ಹೋದ ವರ್ಷ ವಾರ್ಷಿಕೋತ್ಸವದ ಆರಾಧನೆಗೆ ಮಾತ್ರ ಸಭೆಯ ಹಿರಿಯರಾದ ದೇವದಾಸಪ್ಪನವರು ಮನೆಮನೆಯಿಂದ ಕುರ್ಚಿ ತರಿಸಿ ಕಟ್ಟೆಯ ಮೇಲೆ, ಮೇಜಿನ ಮುಂದೆ, ಸಾಲು ಹಾಕಿಸಿದರು. ಭಾನುವಾರಗಳಂದು ಬೈಬಲ್ಲಿನ ವೇದಪಾಠ ಓದುವವನಾದ ನನಗೂ ಅಂದು ಸನ್ಮಾನ ನಿಗದಿಯಾಗಿತ್ತು. ವಿಜಯಪುರದ ಗಾಂಧಿ ಚೌಕಕ್ಕೆ ಹೋಗಿ ಹೊಸ ಅಂಗಿ ತಂದೆ. ಕನ್ನಡಿಯ ಮುಂದೆ ವಿನಯದ ಮುಖವನ್ನೂ ಅಭ್ಯಾಸ ಮಾಡಿದೆ.

“ಏನ್ರಿ, ಮದಿಮಗನಂಗ ಹೊಂಟೀರಲ್ಲ! ಕಾಲಚೀಲದಾಗಿಂದ ಹೆಬ್ಬೆರಳು ಇಣುಕಾಕತ್ತೈತಿ, ಅದಕ್ಕೂ ಒಂದು ಶಾಲು ಹೊಚ್ಚಸ್ರಿ,” ಎಂದಳು ಮನೆಯವಳು. ಗಣ್ಯರ ಹೆಬ್ಬೆರಳನ್ನು ಯಾರು ನೋಡುತ್ತಾರೆಂದು ನಾನು ಹೊರಟೇಬಿಟ್ಟೆ.

ಸಭೆ ತುಂಬಿತ್ತು. ಪಾಸ್ಟರು, ಅತಿಥಿಗಳು, ದೇವದಾಸಪ್ಪನವರ ಜೊತೆ ನಾನೂ ಕಟ್ಟೆ ಹತ್ತಿ ಕುರ್ಚಿಯಲ್ಲಿ ಕೂತೆ. ಮುಂದಿನ ಸಾಲಿನಲ್ಲಿ ನನ್ನ ಚಿಗವ್ವ, ತಾಯಿಯ ತಂಗಿ ರೂತವ್ವ, ಕೂತಿದ್ದಳು. ಅವಳ ಮಗಳು ಎಸ್ತರಳಿಗೆ ಮರುದಿನ ವಿಜಯಪುರದ ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಷನ್. “ದವಾಖಾನಿಗೆ ಹೋಗೂಕಿಂತ ಮದಲ ಸ್ವಾಮಿ ಮುಂದ ಒಂದೀಟು ಮೊಣಕಾಲೂರಬೇಕು,” ಎಂದು ಬಬಲೇಶ್ವರದಿಂದ ಬಸ್ಸು ಹಿಡಿದು ಬಂದಿದ್ದಳು.

ಪಾಸ್ಟರು ಪ್ರಾರ್ಥನೆಗೆ ಕರೆದರು. ಜಮಖಾನೆಯ ಮೇಲಿದ್ದವರೆಲ್ಲ ಮೊಣಕಾಲೂರಿ ತಲೆ ಬಾಗಿಸಿದರು. ಅವರೆಲ್ಲ ಬಾಗಿದ್ದು ನಮ್ಮ ಕುರ್ಚಿಗಳ ಕಡೆಗೆ! ಚಿಗವ್ವನೊಬ್ಬಳು ಬಾಗಿರಲಿಲ್ಲ. ಕಣ್ಣೀರು ಸುರಿಸುತ್ತ, ಬಸ್ಸಿನ ಕಿಟಕಿಯಲ್ಲಿ ಊರು ಹುಡುಕುವವಳಂತೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿ ಏನನ್ನೋ ಹುಡುಕುತ್ತಿದ್ದಳು. ತಿರುಗಿ ನೋಡಿದೆ. ಶಿಲುಬೆ ಸರಿಯಾಗಿ ನನ್ನ ಬೆನ್ನ ಹಿಂದಿತ್ತು.

ಎದ್ದೆ. ದೇವದಾಸಪ್ಪನವರು ಅಂಗಿ ಜಗ್ಗಿದರು. “ಎಲ್ಲಿ ಹೊಂಟಿ ಲೇ? ಶಾಲು ಹಾಕೂದೈತಿ, ಕೂಡು.”

ಶಾಲಿನ ಆಸೆ ಒಂದು ಗಳಿಗೆ ನನ್ನನ್ನು ಹಿಡಿದದ್ದು ನಿಜ. ಆಮೇಲೆ ಹೇಳಿದೆ: “ಚಿಗವ್ವ ಅಳಾಕತ್ತಾಳ್ರಿ ಯಜಮಾನ್ರ. ಶಿಲುಬಿಗೆ ನನ್ನ ಡುಬ್ಬ ಅಡ್ಡ ಆಗೈತಿ.”

ಕುರ್ಚಿ ಎತ್ತಿಕೊಂಡು ಕೆಳಗಿಳಿದು, ಅದನ್ನು ಗೋಡೆಗಿಟ್ಟು ಚಿಗವ್ವನ ಪಕ್ಕ ಮೊಣಕಾಲೂರಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಪಿಸುಗುಟ್ಟಿದಳು: “ಅಲ್ಲೋ ಯಪ್ಪಾ, ಕಣ್ಣು ತೆರದಾಗೊಮ್ಮೆ ನಿನ್ನ ಹೆಬ್ಬೆರಳ ಕಾಣಾಕತ್ತಿತ್ತು. ಸ್ವಾಮೀಗೆ ಏನ್ ಹೇಳಬೇಕಂತ ಬಂದಿದ್ನೋ, ಮರತ ಹೋತು.”

“ಈಗ ಹೇಳ ಚಿಗವ್ವ, ದಾರಿ ಖುಲ್ಲಾ ಆತು.”

ಅಳುವಿನ ನಡುವೆಯೇ ಅವಳು ಕಿಸಕ್ಕನೆ ನಕ್ಕಳು. ಪಾಸ್ಟರು ತಮ್ಮ ಕುರ್ಚಿ ಎತ್ತಿಕೊಂಡು ಇಳಿದರು, ಅತಿಥಿಗಳು ಇಳಿದರು. “ನಂದೊಬ್ಬಂದು ಯಾಕ ಉಳೀಬೇಕು,” ಎಂದು ಗೊಣಗುತ್ತ ಕೊನೆಗೆ ದೇವದಾಸಪ್ಪನವರೂ ಇಳಿದರು. ಮತ್ತೆ ಪ್ರಾರ್ಥನೆಯಾಯಿತು, ಎಲ್ಲರ ಮುಖವೂ ಒಂದೇ ಕಡೆಗೆ.

ಶಾಲು ತಪ್ಪಲಿಲ್ಲ, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಚಹಾದ ಜೊತೆ ಬಂತು. ಮನುಷ್ಯರನ್ನು ಗೌರವಿಸುವುದು ತಪ್ಪೆಂದು ನಾನು ಹೇಳಲಾರೆ. ಅದಕ್ಕೆ ಚಹಾದ ಹೊತ್ತಿದೆ. ಆದರೆ ಆರಾಧನೆಯ ಹೊತ್ತು ದೇವರೊಬ್ಬನದು. ಆ ಶಾಲನ್ನು ಆಸ್ಪತ್ರೆಯ ಚಳಿಗೆಂದು ಚಿಗವ್ವನ ಚೀಲಕ್ಕೆ ತುರುಕಿದೆ.

ಎಸ್ತರ್ ಚೇತರಿಸಿಕೊಂಡಿದ್ದಾಳೆ. ಈ ಸಲದ ವಾರ್ಷಿಕೋತ್ಸವಕ್ಕೆ ಅದೇ ಶಾಲು ಹೊದ್ದು ಬಂದು, ತಾಯಿಯ ಪಕ್ಕ ಜಮಖಾನೆಯ ಮೇಲೆ ಕೂತು ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದಳು. ನಾಲ್ಕು ಕುರ್ಚಿಗಳು ಈಗಲೂ ಇವೆ, ಕಟ್ಟೆಯ ಮೇಲಲ್ಲ, ಹಿಂದಿನ ಗೋಡೆಗೆ, ಮೊಣಕಾಲು ನೋವಿನವರಿಗೆ. ನಮ್ಮ ಮನೆಯ ಕುರ್ಚಿ ಅಂಗಳಕ್ಕೆ ಮರಳಿದೆ. ಇದನ್ನು ಟೈಪು ಮಾಡುವಾಗ ಬೆಕ್ಕು ಅದರ ಮೇಲೆ ಮಲಗಿದೆ, ಯಾರಿಗೂ ಅಡ್ಡವಾಗದೆ.

ನಿಮ್ಮ ಚರ್ಚಿನಲ್ಲೋ ಗುಡಿಯಲ್ಲೋ ದರ್ಗಾದಲ್ಲೋ ಹೀಗೆ ಯಾರಾದರೂ ತಮ್ಮ ಕುರ್ಚಿ ಸರಿಸಿಕೊಂಡದ್ದನ್ನು ಕಂಡಿದ್ದರೆ ದಯವಿಟ್ಟು ಬರೆದು ತಿಳಿಸಿ. ನಿಧಾನವಾಗಿಯಾದರೂ ಪ್ರತಿಯೊಂದನ್ನೂ ಓದುತ್ತೇನೆ.