ಓದದೆ ಓದಿದೆ ಅಂದ ಪುಸ್ತಕ

ನನ್ನ ತಂಗಿ ತನ್ನ ಪುಸ್ತಕ ಅಚ್ಚಿಗೆ ಹೋಗುವ ಮೊದಲು ನನಗೆ ಓದಲು ಕೊಟ್ಟಿದ್ದಳು. ನಾನು ಓದಲಿಲ್ಲ. ಓದಿದೆ ಅಂದೆ. ಆಮೇಲೆ ನೆಂಟರು ಕೇಳಿದಾಗ, ನನಗೆ ತೋರಿಸಲೇ ಇಲ್ಲ ಅಂತಲೂ ಹೇಳಿದೆ. ಎರಡೂ ಸುಳ್ಳು. ಮೊದಲನೆಯದಕ್ಕೆ ಏನಾದರೂ ನೆಪ ಹೇಳಬಹುದು. ಎರಡನೆಯದಕ್ಕೆ ಅದೂ ಇಲ್ಲ.

ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ದೊಡ್ಡಬಳ್ಳಾಪುರದಲ್ಲಿ ನಮ್ಮ ಬೀದಿಯ ಮನೆಮನೆಯಲ್ಲೂ ಕರೆಂಟಿನ ಮಗ್ಗ. ಪಕ್ಕದ ಮನೆಯವರ ಎರಡು ಮಗ್ಗ ನೋಡಿಕೊಳ್ಳುವುದು ನನ್ನ ಕೆಲಸ. ತಂಗಿ ನನಗಿಂತ ಹತ್ತು ವರ್ಷ ಚಿಕ್ಕವಳು. ಕಾಲೇಜಿಗೆ ಹೋಗುತ್ತಲೇ ಮೊಬೈಲಿನಲ್ಲಿ ತಮಾಷೆಯ ವಿಡಿಯೋ ಮಾಡಿ ಹಾಕುವುದನ್ನು ಹಿಡಿದಳು. ಮಗ್ಗದ ಸದ್ದಿನಲ್ಲಿ ಮಾತು ಕೇಳಿಸದು, ಹಾಗಾಗಿ ಕರೆಂಟ್ ಹೋದಾಗಲೇ ಅವಳ ಶೂಟಿಂಗ್. ಬೀದಿಯವರೆಲ್ಲ ಕರೆಂಟಿನವರಿಗೆ ಶಾಪ ಹಾಕುತ್ತ ಜಗಲಿಗೆ ಬಂದು ಕೂತರೆ ಇವಳು ಮಹಡಿ ಮೆಟ್ಟಿಲು ಹತ್ತಿ ಓಡುತ್ತಿದ್ದಳು. ತಲೆಗೆ ಟವೆಲ್ ಸುತ್ತಿಕೊಂಡರೆ ಅವಳು ಅತ್ತೆ, ಸೆರಗು ಸಿಕ್ಕಿಸಿಕೊಂಡರೆ ಅಕ್ಕ. ಆ ಅಕ್ಕ ನಾನೇ. ಮೂಗೆಳೆದು ಮಾತಾಡುವುದು, ಎಲ್ಲದಕ್ಕೂ ‘ಅದ್ಯಾಕೆ, ಅದ್ಯಾರು’ ಅನ್ನುವುದು. ಒಂದು ದಿನ ತರಕಾರಿ ಅಂಗಡಿಯವನು, ‘ಅದ್ಯಾಕಕ್ಕಾ ಟೊಮೇಟೊ ಹಂಗೆ ಹಿಸುಕ್ತೀರಾ’ ಅಂತ ನನ್ನ ಧಾಟಿಯಲ್ಲೇ ಕೇಳಿದ. ಅಲ್ಲಿ ನಕ್ಕು ಬಂದೆ. ಮನೆಗೆ ಬಂದು ತಂಗಿಯ ಜೊತೆ ಎರಡು ದಿನ ಮಾತಾಡಲಿಲ್ಲ.

ಹಾಗಿರುವಾಗ ಅವಳು ಪುಸ್ತಕ ಬರೆಯುತ್ತೇನೆ ಅಂದಳು, ತನ್ನ ಜೀವನದ್ದು. ಇಪ್ಪತ್ಮೂರು ವರ್ಷದವಳಿಗೆ ಎಷ್ಟು ಜೀವನ ಇರುತ್ತದೆ? ಅಷ್ಟು ಪುಟ ತುಂಬಬೇಕಾದರೆ ಬೇರೆಯವರದನ್ನೂ ತಂದು ಸುರಿಯಲೇಬೇಕು ಅಂದುಕೊಂಡೆ. ಬೆಂಗಳೂರಿನಿಂದ ಪುಸ್ತಕದವರ ಕಡೆಯ ಒಬ್ಬ ಹೆಂಗಸು ಎರಡು ಸಲ ಬಂದು, ಫೋನು ಮುಂದಿಟ್ಟುಕೊಂಡು ಅಮ್ಮನನ್ನು ಮಾತಾಡಿಸಿದಳು. ನಾನು ಕಾಫಿಯ ನೆಪದಲ್ಲಿ ಒಳಗೂ ಹೊರಗೂ ಓಡಾಡಿದೆ. ನಾನು ಹೋದಾಗೆಲ್ಲ ಮಾತು ನಿಲ್ಲುತ್ತಿದೆ ಅನ್ನಿಸಿತು. ಲೋಟ ತಗೊಳ್ಳಲು ನಿಲ್ಲಿಸುತ್ತಿದ್ದರೋ ಏನೋ.

ಒಂದು ಭಾನುವಾರ ತಂಗಿ ಬರೆದ ಹಾಳೆಗಳ ಕಟ್ಟನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ಜೊತೆಗೊಂದು ಪೆನ್ಸಿಲ್. ಬೇಡ ಅನ್ನಿಸಿದ ಕಡೆ ಗೀಟು ಹಾಕು, ಯಾಕೆ ಅಂತ ಕೇಳಲ್ಲ, ತೆಗೆದುಬಿಡ್ತೀನಿ ಅಂದಳು. ಇದರಲ್ಲೂ ಏನೋ ಇದೆ ಅಂತ ನನಗೆ. ಯಾವುದು ನನ್ನನ್ನು ಚುಚ್ಚುತ್ತದೆ ಅಂತ ಗೀಟು ನೋಡಿ ತಿಳಿದುಕೊಂಡು, ನಾಳೆ ಅದನ್ನೇ ವಿಡಿಯೋ ಮಾಡಿದರೆ? ಇನ್ನೊಂದು ಕಾರಣವೂ ಇತ್ತು. ಒಂದು ಪುಟ ಓದಲು ನನಗೆಷ್ಟು ಹೊತ್ತು ಬೇಕು ಅನ್ನುವುದು ಅವಳಿಗೆ ಕಾಣುವುದು ಬೇಡವಾಗಿತ್ತು. ಕಟ್ಟನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ತಳ್ಳಿದೆ. ಮೂರು ವಾರ ಬಿಟ್ಟು ಕೇಳಿದಾಗ, ಓದಿದೆ, ಎಲ್ಲ ಸರಿಯಾಗಿದೆ ಅಂದೆ. ಅವಳು ಹಾಳೆ ತಿರುವಿದಳು. ಒಂದೂ ಗೀಟು ಇಲ್ಲದ್ದು ನೋಡಿ ನನ್ನನ್ನು ತಬ್ಬಿಕೊಂಡಳು. ಇದ್ಯಾಕೆ ಇಷ್ಟು ಖುಷಿ ಅಂತ ಅದಕ್ಕೂ ಅನುಮಾನಪಟ್ಟೆ.

ಪುಸ್ತಕ ಬಂದ ವಾರದಲ್ಲೇ ದೊಡ್ಡಮ್ಮ ಫೋನ್ ಮಾಡಿದಳು. ನಿನ್ನ ಗಂಡನ ಮನೆ ಕಥೆಯನ್ನೆಲ್ಲ ಬರೆದಿದ್ದಾಳಂತಲ್ಲ, ನೀನು ಹೆಂಗೆ ಒಪ್ಪಿದೆ ಅಂದಳು.

ಆ ಕಥೆ ಇಷ್ಟು. ಏರ್‌ಪೋರ್ಟ್ ಶುರುವಾದ ಹೊಸದರಲ್ಲಿ ನನ್ನನ್ನು ದೇವನಹಳ್ಳಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಗಂಡ ಜಮೀನು ಮಾರಿ ಕಾರು ತಗೊಂಡು ಏರ್‌ಪೋರ್ಟಿಗೆ ಬಾಡಿಗೆ ಓಡಿಸುತ್ತಿದ್ದ. ನನ್ನ ಮೇಲೆ ಅವನಿಗೆ ನಂಬಿಕೆಯಿರಲಿಲ್ಲ. ಟ್ರಿಪ್ಪಿಗೆ ಹೋಗುವಾಗ ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದ. ವರ್ಷ ತುಂಬುವ ಮೊದಲೇ, ಒಂದು ಬೆಳಿಗ್ಗೆ ಅವನು ಬೀಗ ಹಾಕುವುದನ್ನು ಮರೆತ. ನಾನು ಎರಡು ಸೀರೆ ತಗೊಂಡು ಬಸ್ಸು ಹತ್ತಿದೆ. ಕೇಳಿದವರಿಗೆಲ್ಲ ಅಮ್ಮ, ಅವರೇ ಕಳಿಸಿಬಿಟ್ಟರು ಅಂದಳು. ಮಗಳು ತಾನಾಗಿ ಬಿಟ್ಟು ಬಂದಳು ಅನ್ನುವುದಕ್ಕಿಂತ ಅದೇ ಮರ್ಯಾದೆ ಅನ್ನಿಸಿರಬೇಕು. ಆಗ ಹನ್ನೊಂದು ವರ್ಷದವಳಾಗಿದ್ದ ತಂಗಿ ನಂಬಿದ್ದೂ ಅದನ್ನೇ. ನಾನು ಯಾವತ್ತೂ ತಿದ್ದಲಿಲ್ಲ.

ದೊಡ್ಡಮ್ಮ ಕೇಳಿದಾಗ, ನನಗೇನೂ ಗೊತ್ತಿಲ್ಲ, ಅವಳು ನನ್ನನ್ನು ಒಂದು ಮಾತೂ ಕೇಳಲಿಲ್ಲ ಅಂದುಬಿಟ್ಟೆ. ಸಂಜೆಯೊಳಗೆ ಆ ಮಾತು ನೆಂಟರ ಮನೆಗಳನ್ನೆಲ್ಲ ಸುತ್ತಿತು. ಅಕ್ಕನ ಮಾನ ಮಾರಿಕೊಂಡವಳು ಅಂತ ತಂಗಿಗೆ ಹೆಸರು ಬಂತು. ಅಮ್ಮ ಅವಳಿಗೆ ಬಡಿಸುವುದನ್ನು ನಿಲ್ಲಿಸಿದಳು. ತಂಗಿ ಒಂದು ಸಲ ನನ್ನ ಮುಖ ನೋಡಿದಳು, ಅಷ್ಟೇ. ಅಕ್ಕ ಓದಿದ್ದಳು ಅಂತ ಯಾರ ಮುಂದೆಯೂ ಹೇಳಲಿಲ್ಲ. ಅದಕ್ಕೂ ಏನೋ ಲೆಕ್ಕಾಚಾರ ಇರಬೇಕು ಅಂದುಕೊಂಡೆ. ತಿಂಗಳೊಳಗೆ ಬಟ್ಟೆ ತುಂಬಿಕೊಂಡು ದೇವನಹಳ್ಳಿಯ ಒಂದು ಪಿಜಿಗೆ ಹೋದಳು.

ಅವಳು ಹೋದ ಮೇಲೆ ಪುಸ್ತಕ ಹಿಡಿದೆ. ತಪ್ಪು ಹುಡುಕಲೆಂದೇ ಹಿಡಿದದ್ದು. ಮುಗಿಸಲು ಹತ್ತೊಂಬತ್ತು ದಿನ ಬೇಕಾಯಿತು. ಮೂಗೆಳೆಯುವ ಅಕ್ಕ ಅದರಲ್ಲಿ ಎಲ್ಲೂ ಇಲ್ಲ. ನನ್ನ ಬಗ್ಗೆ ಎರಡೂವರೆ ಪುಟ. ಅಕ್ಕನನ್ನು ಅವರು ಕಳಿಸಿಬಿಟ್ಟರು, ಮಾರನೇ ದಿನವೇ ಅವಳು ಮಗ್ಗದ ಮುಂದೆ ನಿಂತಳು, ನಾನು ಸ್ಕೂಲಿನಿಂದ ಬಂದರೆ ಅವಳ ರೆಪ್ಪೆಯ ಮೇಲೆಲ್ಲ ನೂಲಿನ ಧೂಳು ಇರುತ್ತಿತ್ತು, ನಾನು ಊದಿ ತೆಗೆಯುತ್ತಿದ್ದೆ ಅಂತ ಬರೆದಿದ್ದಳು. ಇದನ್ನು ಆ ಬೆಂಗಳೂರಿನ ಹೆಂಗಸೇ ಬರೆದುಕೊಟ್ಟಿರಬೇಕು ಅಂತ ಅಲ್ಲೂ ಅನುಮಾನ ಬಂತು. ಆದರೆ ಆ ಧೂಳು ಅವಳಿಗೂ ನನಗೂ ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲ. ಎರಡೂವರೆ ಪುಟದಲ್ಲಿ ತಪ್ಪಿದ್ದದ್ದು ಒಂದೇ ಮಾತು, ಕಳಿಸಿಬಿಟ್ಟರು ಅನ್ನುವುದು. ನನ್ನ ಆಯಸ್ಸಿನಲ್ಲಿ ನಾನಾಗಿ ಮಾಡಿದ ದೊಡ್ಡ ಕೆಲಸ ಅಂದರೆ ಆ ಬಸ್ಸು ಹತ್ತಿದ್ದು. ಅದನ್ನು ಹೇಳಲು ತಂಗಿ ನನಗೆ ಮೂರು ವಾರ ಕೊಟ್ಟಿದ್ದಳು.

ಹೋದ ತಿಂಗಳು ದೊಡ್ಡಮ್ಮನ ಮಗಳ ಸೀಮಂತ. ತಂಗಿಯನ್ನೂ ಕರೆದಿದ್ದರು. ಬಂದು ಬಾಗಿಲ ಹತ್ತಿರ ಕೂತಳು. ಪಕ್ಕದಲ್ಲಿ ಯಾರೂ ಕೂರಲಿಲ್ಲ. ದೊಡ್ಡಮ್ಮ ಬಳೆ ತೊಡಿಸುತ್ತ, ‘ನೋಡ್ಕೊಂಡು ಮಾತಾಡ್ರಮ್ಮಾ, ಬರ್ಕೊಳ್ಳೋರು ಬಂದವ್ರೆ’ ಅಂದಳು. ಹೆಂಗಸರೆಲ್ಲ ನಕ್ಕರು, ಅಮ್ಮನೂ ನಕ್ಕಳು. ತಂಗಿ ಎದ್ದು ಚಪ್ಪಲಿ ಹುಡುಕತೊಡಗಿದಳು.

ನಾನು ಎದ್ದು ನಿಂತೆ.

‘ಅಚ್ಚಾಗೋಕೆ ಮುಂಚೆ ಅವಳು ನಂಗೆ ಕೊಟ್ಟಿದ್ಲು ದೊಡ್ಡಮ್ಮಾ. ನಾನು ಓದ್ಲಿಲ್ಲ. ಓದ್ದೆ ಅಂತ ಅವಳ್ಗೆ ಸುಳ್ಳು ಹೇಳ್ದೆ, ಕೇಳ್ಲೇ ಇಲ್ಲ ಅಂತ ನಿಮ್ಗೆಲ್ಲ ಸುಳ್ಳು ಹೇಳ್ದೆ.’

ತಂಗಿ ಹೊಸ್ತಿಲಲ್ಲೇ ನಿಂತಿದ್ದಳು. ಅವಳ ಕಡೆ ತಿರುಗಿದೆ.

‘ಅವರು ಕಳಿಸ್ಲಿಲ್ಲ ಕಣೇ, ನಾನೇ ಬಿಟ್ಟು ಬಂದೆ. ಅದನ್ನೂ ನಿಂಗೆ ಹೇಳ್ಲಿಲ್ಲ. ನನ್ನ ಸುಳ್ಳಿಗೆ ನೀನು ಬೈಸ್ಕೊಂಡೆ. ತಪ್ಪಾಯ್ತು ಕಣೇ, ನಂದೇ ತಪ್ಪು.’