ಅರ್ಧಕ್ಕೆ ನಿಂತ ಚೆಂಡಾಟ

ಮೇಪಲ್ ಮರಗಳಲ್ಲಿ ಸಿಹಿರಸ ಇಳಿಯುವ ತಿಂಗಳಲ್ಲಿ ಮಿಸ್ಕೋಬಿನೆಸ್ ತೀರಿಕೊಂಡ. ಅವನ ಹೆಂಡತಿಯ ಅಣ್ಣನೂ ಬಾಲ್ಯದ ಗೆಳೆಯನೂ ಆದ ವಾಬೋಸ್ ಪಕ್ಕದಲ್ಲೇ ಇದ್ದ.

ಪ್ರಾಯದಲ್ಲಿ ಇಬ್ಬರೂ ತಮ್ಮ ಒಜಿಬ್ವೆ ಬುಡಕಟ್ಟಿನ ಕಡೆಯಿಂದ, ಇಂಗ್ಲಿಷರ ಕೋಟೆಯ ಮುಂದೆ, ನೆರೆಯ ಸಾಕ್ ಬುಡಕಟ್ಟಿನ ಜನರ ಎದುರು, ತುದಿಗೆ ಬಲೆ ಕಟ್ಟಿದ ಕೋಲು ಹಿಡಿದು ಕೋಲುಚೆಂಡು ಆಡಿದ್ದರು. ಆಟ ಬರೀ ನೆಪ; ಎರಡೂ ಬುಡಕಟ್ಟಿನವರು ಸೇರಿ ಕೋಟೆ ಹಿಡಿಯುವ ಸಂಚು ಅದು. ಚೆಂಡು ಗೋಡೆ ಹಾರಿ ಬಿದ್ದೊಡನೆ ಅದನ್ನು ತರುವವರಂತೆ ಎರಡೂ ಕಡೆಯವರು ಓಡಬೇಕು. ಹೆಂಗಸರು ಕಂಬಳಿಯೊಳಗೆ ಬಚ್ಚಿಟ್ಟುಕೊಂಡ ಕೊಡಲಿಗಳನ್ನು ಅವರ ಕೈಯಿಂದ ತೆಗೆದುಕೊಂಡು ಒಳನುಗ್ಗಬೇಕು. ಎಲ್ಲರೂ ಹಾಗೇ ಮಾಡಿದರು. ಮಿಸ್ಕೋಬಿನೆಸ್ ಮಾತ್ರ ಆಟದ ಅಮಲಿನಲ್ಲಿ ಕೊಡಲಿ ಮರೆತು, ನಿಜಕ್ಕೂ ಚೆಂಡನ್ನೇ ಹುಡುಕಿ ಹೊರಗೆ ತಂದ. ಬಯಲಿನಲ್ಲಿ ಆಡಲು ಯಾರೂ ಇರಲಿಲ್ಲ.

“ಕೋಟೆ ಗೆದ್ದಿದ್ದು ನಾವು, ಚೆಂಡು ಗೆದ್ದಿದ್ದು ನಮ್ಮ ಭಾವ!” ಎಂದು ವಾಬೋಸ್ ಜೀವಮಾನವಿಡೀ ಕಾಡಿಸಿದ.

“ನಗು, ನಗು. ಆ ಕೋಟೆ ಮತ್ತೆ ಅವರ ಕೈಗೇ ಹೋಯ್ತಲ್ಲ ಭಾವ. ನಮ್ಮ ಆಟ ಎಲ್ಲಿ ಮುಗೀತು, ಹೇಳು? ಎರಡೂ ಕಡೆ ಸಮ ಇದ್ವಿ. ಆ ಸಾಕ್‌ನವನು ಎಂಥಾ ಓಟ ಓಡ್ತಿದ್ದ!”

ಆ ಓಟಗಾರನ ಎದುರು ಉಳಿದ ಆಟ ಆಡಬೇಕೆಂಬುದೊಂದೇ ಮಿಸ್ಕೋಬಿನೆಸ್‌ನ ಆಸೆ. ಬೇಸಿಗೆಯಲ್ಲಿ ಸಾಕ್ ಜನರ ದೋಣಿಗಳು ಬಂದಾಗಲೆಲ್ಲ ದಡಕ್ಕಿಳಿದು ಒಂದೊಂದೇ ಮುಖ ನೋಡುತ್ತಿದ್ದ.

ಕೊನೆಯ ಬೆಳಗ್ಗೆ, “ಈ ಬೇಸಿಗೆ ಬಂದೇ ಬರ್ತಾನೆ” ಎನ್ನುತ್ತ ಹಾಸಿಗೆಯಲ್ಲೇ ಎದ್ದು ಕುಳಿತ. ತನ್ನ ಆಟದ ಕೋಲಿನ ತುದಿಯ ಬಲೆಗೆ ಜಿಂಕೆ ತೊಗಲಿನ ಹೊಸ ದಾರ ಹೆಣೆದು, ಗಂಟನ್ನು ಹಲ್ಲಿನಿಂದ ಎಳೆದು ಬಿಗಿದ.