ಯಾವ ಗಿಡದ ಹಲಗೆ?

ರಂದಾ ಹೊಡೆದು ನುಣುಪು ಮಾಡಿದ ಹಲಗೆ ಅಂಗಡಿಯಲ್ಲೇ ಸಿಗುತ್ತದೆ ಎಂದು ಕೇಳಿದ ಮೇಲೆ ನನ್ನ ಕೈ ಸುಮ್ಮನಿರಲಿಲ್ಲ. ಎಂಬತ್ತರ ದಶಕದ ಮಾತು. ಅಲ್ಲಿಯವರೆಗೆ ನಮ್ಮ ಮಾದನಹಿಪ್ಪರಗಾದಲ್ಲಿ ಒಂದು ಮಣೆ ಬೇಕೆಂದರೂ ಗಿಡ ಕಡಿಸಿ, ಕೊಯ್ಸಿ, ಒಣಗಿಸಿ, ಬಡಿಗರ ಮನೆಗೆ ಅಲೆಯಬೇಕಿತ್ತು. ಈಗ ಆಳಂದದ ಕಟ್ಟಿಗೆ ಅಡ್ಡೆಗೆ ಹಲಗೆ ನುಣುಪು ಮಾಡುವ ಮಷಿನ್ ಬಂದಿದೆಯಂತೆ, ತಂದು ಮೊಳೆ ಹೊಡೆದರೆ ಮುಗಿಯಿತಂತೆ. ನನ್ನಂಥ ಅರೆಬರೆ ಬಡಿಗನಿಗೆ ಇನ್ನೇನು ಬೇಕು?

ಅವ್ವನಿಗೆ ಮೊಣಕಾಲು ನೋವಿತ್ತು. ಲಿಂಗಪೂಜೆಗೆ ನೆಲದ ಮೇಲೆ ಕೂತರೆ ತಾನಾಗಿ ಏಳಲು ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ನನ್ನನ್ನು ಕೂಗಿ ಎಬ್ಬಿಸಿಕೊಳ್ಳುತ್ತಿದ್ದಳು. ಹೊಲ, ಮನೆ ಎರಡನ್ನೂ ಒಬ್ಬಳೇ ನಡೆಸಿದವಳು. ಆ ಕೂಗಿನಲ್ಲಿ ಸಂಕೋಚ ಇರುತ್ತಿತ್ತು. ಅವಳಿಗೊಂದು ಎತ್ತರದ ಮಣೆ ಮಾಡಿಕೊಡಬೇಕೆಂದು ಬಸ್ಸು ಹತ್ತಿದೆ.

ಅಡ್ಡೆಯಲ್ಲಿ ತೊಗಟೆ ಇಲ್ಲದ, ಗಂಟು ಇಲ್ಲದ ಹಲಗೆಗಳ ರಾಶಿ. ತಿಳಿಹಳದಿ ಬಣ್ಣದವು ಕೆಲವು ಕಂಡವು. ಕೈಯಾಡಿಸಿದೆ, ಮನಸ್ಸು ಅಲ್ಲೇ ಕೂತಿತು. ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದು, ನಾಲ್ಕು ಕಾಲು ಹಚ್ಚಿ, ಅಲುಗಾಡದಂತೆ ಮಾಡುವಷ್ಟರಲ್ಲಿ ಸಾಕುಸಾಕಾಯಿತು.

ಅವ್ವ ಮಣೆಯನ್ನು ಸವರಿದಳು, ಬಗ್ಗಿ ಮೂಸಿದಳು.

"ಚಂದ ಆಗ್ಯಾದಪಾ. ಯಾವ ಗಿಡದ್ದು?"

"ಹಲಗಿ ಅದ ಯವ್ವಾ. ಅಡ್ಡಾದಾಗ ತಂದದ್ದು."

"ಹಲಗಿ ಏನ್ ಮುಗಲಿಂದ ಬೀಳ್ತದೇನು? ಪತ್ರಿ ಗಿಡದ್ದಿದ್ರ? ಅದರ ಎಲಿ ಲಿಂಗಕ್ಕ ಏರಸ್ತೇನಿ, ಅದರ ಮ್ಯಾಲ ಹ್ಯಾಂಗ ಕುಂದ್ರಲಿ?"

ಊರಲ್ಲಿ ಯಾರೂ ಹೀಗೆ ಕೇಳುವ ಪ್ರಸಂಗವೇ ಬಂದಿರಲಿಲ್ಲ. ಬಿದ್ದ ಗಿಡ ಯಾವುದು, ಯಾರ ಬದುವಿನದು ಎಂಬುದು ಓಣಿಗೆಲ್ಲ ಗೊತ್ತಿರುತ್ತಿತ್ತು. ಮಷಿನ್ ತೊಗಟೆಯ ಜೊತೆಗೆ ಗಿಡದ ಹೆಸರನ್ನೂ ಕಿತ್ತು ಹಾಕಿತ್ತು.

ಅಲ್ಲಿಂದ ನನಗೆ ಬೇರೆ ಹುಚ್ಚು ಹಿಡಿಯಿತು. ಮಠದ ಹಿಂದಿನ ಪತ್ರಿ, ಅಂದರೆ ಬಿಲ್ವದ ಗಿಡದಿಂದ ಒಣಗಿ ಬಿದ್ದ ಟೊಂಗೆ ತಂದು ಸೀಳಿದೆ. ಅದನ್ನೂ ಉಳಿದ ಹಲಗೆಯ ಚೂರನ್ನೂ ನೀರಲ್ಲಿ ನೆನೆಸಿದೆ, ಸುಟ್ಟೆ, ಕಡೆಗೆ ಜಗಿದೂ ನೋಡಿದೆ. ಒಂದು ಸಲ ಎರಡೂ ಒಂದೇ ವಾಸನೆ ಅನಿಸಿತು, ಇನ್ನೊಂದು ಸಲ ಸಂಬಂಧವೇ ಇಲ್ಲ ಅನಿಸಿತು. ಮತ್ತೆ ಆಳಂದಕ್ಕೆ ಹೋದೆ. ಅಡ್ಡೆಯವನು ನಕ್ಕ.

"ಮಷಿನ್‌ನ್ಯಾಗ ಹೋದ ಮ್ಯಾಲ ಯಾರಿಗಿ ಗೊತ್ತಾಗ್ತದ್ರಿ? ನಾವು ಜಂಗ್ಲಿ ಕಟ್ಟಿಗಿ ಅಂತೇವಿ ನೋಡ್ರಿ."

ಮನೆಗೆ ಬಂದು ಅವ್ವನ ಮೇಲೆ ರೇಗಿದೆ. "ಪತ್ರಿ ಹೌದಂತನೂ ಗೊತ್ತಿಲ್ಲ, ಅಲ್ಲಂತನೂ ಗೊತ್ತಿಲ್ಲ. ಕುಂತ್ರ ಏನಾಗ್ತದ?"

ಅವಳು ಮಣೆಯನ್ನು ಪೂಜೆಯ ಜಾಗದ ಪಕ್ಕಕ್ಕೆ ಎಳೆದು ಇಟ್ಟುಕೊಂಡಳು.

ಮರುದಿನ ಬೆಳಿಗ್ಗೆ ಹೊರಗೆ ಕೂತು ಕೂಗಿಗಾಗಿ ಕಾದೆ. ಬರಲಿಲ್ಲ. ಗಾಬರಿಯಾಗಿ ಇಣುಕಿದೆ. ನೆಲದ ಮೇಲೆ ಕೂತಿದ್ದ ಅವ್ವ ಎರಡೂ ಅಂಗೈಗಳನ್ನು ಮಣೆಯ ಮೇಲೆ ಊರಿ, ಹಲ್ಲು ಕಚ್ಚಿಕೊಂಡು, ನಿಧಾನವಾಗಿ ಎದ್ದು ನಿಂತಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು.

"ಕುಂದ್ರಬಾರದು, ಖರೆ. ಕೈ ಊರಿದ್ರ ನಡೀತದ ತಗೋ."

ಆಮೇಲೆ ಅವಳು ನನ್ನನ್ನು ಕೂಗಲೇ ಇಲ್ಲ. ಖುಷಿಯೇ ಆಯಿತು. ಆದರೂ ಬೆಳಿಗ್ಗೆ ಆ ಹೊತ್ತಿಗೆ ಒಳಗಡೆ ಕಿವಿ ಕೊಟ್ಟು ಕೂರುವ ಚಟ ನನ್ನನ್ನು ಬಹಳ ದಿನ ಬಿಡಲಿಲ್ಲ.